ಬಿಸಿಲಿಗೂ ಕಾಮಣಿಗೂ ಇರುವ ನಂಟು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಯಾವುದೋ ಊರಿನಲ್ಲಿ ಒಬ್ಬರ ಕಣ್ಣು ಹಳದಿಯಾಯಿತು ಎನ್ನಿ. ಮನೆಯವರಿಗಿಂತ ಮೊದಲು ಓಣಿಯವರು ಗುರುತಿಸಿರುತ್ತಾರೆ. 'ಕಾಮಣಿ ಆಗೇತ್ರಿ, ತಡಾ ಮಾಡಬ್ಯಾಡ್ರಿ' ಎನ್ನುತ್ತಾರೆ. ತಡ ಮಾಡದೆ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಅವರಲ್ಲಿ ಉತ್ತರ ಇರುತ್ತದೆ. ಒಬ್ಬರು ಮುಂಗೈಗೆ ಚುಟಿಗಿ ಹಾಕುವವರ ಊರು ಹೇಳಿದರೆ, ಇನ್ನೊಬ್ಬರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿ ಎನ್ನುತ್ತಾರೆ. ಎಣ್ಣೆ, ಖಾರ ಬಂದ್ ಆಗುತ್ತದೆ. ಹದಿನೈದು ದಿನ, ತಿಂಗಳು ಕಳೆಯುವಷ್ಟರಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಔಷಧಿ ಕೊಟ್ಟವರ ಹೆಸರು ಇನ್ನೂ ನಾಲ್ಕು ಊರಿಗೆ ಹಬ್ಬುತ್ತದೆ.

ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಹೊಸದೊಂದು ಸೇರಿದೆ. ಅದು ವಿಟಮಿನ್ ಡಿ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಅದರ ಅಂಕಿ ಕಡಿಮೆ ಬಂದರೆ 60,000 ಯೂನಿಟ್ಟಿನ ಪುಡಿಯ ಪೊಟ್ಟಣ ಮನೆಗೆ ಬರುತ್ತದೆ. ಲಿವರ್ ಕೆಟ್ಟವರಿಗೆ ಈ ವಿಟಮಿನ್ ಕಡಿಮೆ ಇರುತ್ತದಂತೆ, ಹಾಗಾದರೆ ಇದನ್ನು ಕೊಟ್ಟರೆ ಲಿವರ್ ಸುಧಾರಿಸಬೇಕಲ್ಲ? ಬಿಸಿಲಿಗೆ ಕೂತರೆ ಕಾಮಣಿ ಹೋಗಬೇಕಲ್ಲ? ಕೇಳಲು ಸರಳವಾದ ಈ ಪ್ರಶ್ನೆಯ ಹಿಂದೆ ಮೂರು ಸಾವಿರ ವರ್ಷಗಳ ಕಥೆಯಿದೆ. ಅದರ ಕೊನೆಯ ಅಧ್ಯಾಯ ಬರೆದದ್ದು ನಮ್ಮ ಕಾಲದಲ್ಲೇ.

ಸೂರ್ಯನಿಗೂ ಹಳದಿ ರೋಗಕ್ಕೂ ನಂಟು ಕಟ್ಟಿದವರಲ್ಲಿ ಆಧುನಿಕ ವಿಜ್ಞಾನಿಗಳು ಮೊದಲಿಗರಲ್ಲ. ಋಗ್ವೇದದ ಮೊದಲ ಮಂಡಲದ 50ನೆಯ ಸೂಕ್ತ ಸೂರ್ಯನ ಸ್ತುತಿ. ಅದರ ಕೊನೆಯಲ್ಲಿ ಋಷಿ ತನ್ನ ಎದೆಯ ಬೇನೆಯನ್ನೂ ಮೈಯ ಹಳದಿಯನ್ನೂ ಕಳೆಯಬೇಕೆಂದು ಸೂರ್ಯನನ್ನು ಬೇಡುತ್ತಾನೆ. ಆ ಹಳದಿಗೆ ಅಲ್ಲಿರುವ ಹೆಸರು 'ಹರಿಮಾ'. ತನ್ನ ಹಳದಿ ಗಿಳಿಗಳ ಮೈಗೆ ಹೋಗಲಿ, ಹಳದಿ ಬಣ್ಣದ ಹಕ್ಕಿಗಳಿಗೂ ಮರಗಳಿಗೂ ಹೋಗಲಿ ಎಂಬುದು ಅವನ ಕೋರಿಕೆ. ಅಥರ್ವವೇದದ ಮೊದಲ ಕಾಂಡದಲ್ಲಿ ಇದೇ ಕೋರಿಕೆ ಇನ್ನೊಂದು ರೂಪದಲ್ಲಿದೆ. ಅಲ್ಲಿ ಕೆಂಪು ಹಸುಗಳ ಬಣ್ಣ ರೋಗಿಗೆ ಬರಲಿ ಎಂದು ಹಾರೈಸುತ್ತಾರೆ. ಬಣ್ಣ ಎಲ್ಲಿಗೆ ಸೇರಿದ್ದೋ ಅಲ್ಲಿಗೆ ಮರಳಲಿ ಎಂಬ ತರ್ಕ ಇದು. ಇಂದಿಗೂ ನಾಟಿ ವೈದ್ಯದ ಒಂದು ಎಳೆ ಇದೇ ತರ್ಕದ ಮೇಲೆ ನಿಂತಿದೆ.

ಮುಂದೆ ಚರಕಸಂಹಿತೆ ಈ ರೋಗವನ್ನು ಮಂತ್ರದಿಂದ ಬಿಡಿಸಿ ಪಿತ್ತದ ಲೆಕ್ಕಕ್ಕೆ ತಂದಿತು. ಪಾಂಡುರೋಗದ ಅಧ್ಯಾಯದಲ್ಲೇ ಕಾಮಲಾ ರೋಗದ ವಿವರಣೆ ಬರುತ್ತದೆ. ಆ ಕಾಮಲಾ ಕನ್ನಡದಲ್ಲಿ ಕಾಮಾಲೆಯಾಯಿತು, ನಮ್ಮ ಕಡೆಯ ಬಾಯಲ್ಲಿ ಕಾಮಣಿ ಎನ್ನಿಸಿಕೊಂಡಿತು. ಕನ್ನಡದಲ್ಲಿ ವೈದ್ಯಗ್ರಂಥ ಬರೆಯುವ ಸಂಪ್ರದಾಯವೂ ಹಳೆಯದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ' ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಹಾನಗಲ್ಲ ಆಗ ಪಾನುಂಗಲ್ಲು ಎಂಬ ಹೆಸರಿನಲ್ಲಿ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಅಂದಿನ ವೈದ್ಯರಿಗೆ ಕಣ್ಣಿಗೆ ಕಾಣುವ ಹಳದಿಯೇ ರೋಗ, ಹಳದಿ ಹೋದರೆ ಅದೇ ಗುಣ. ಈ ಮಾತು ನೆನಪಿನಲ್ಲಿರಲಿ. ಕಥೆಯ ತಿರುವು ಇರುವುದು ಇಲ್ಲಿಯೇ.

ಬಿಸಿಲಿನ ಕಥೆ ಬೇರೊಂದು ದಾರಿಯಿಂದ ಬಂತು. ಯುರೋಪಿನ ಕೈಗಾರಿಕಾ ನಗರಗಳ ಹೊಗೆ ತುಂಬಿದ ಓಣಿಗಳಲ್ಲಿ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ರಿಕೆಟ್ಸ್ ಎಂಬ ಆ ರೋಗಕ್ಕೆ ಕಾರಣ ಊಟವೋ, ಗಾಳಿಯೋ, ಕೊಳೆಯೋ ಎಂದು ವಾದ ನಡೆದಿತ್ತು. 1890ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ಮಿಶನರಿ ವೈದ್ಯ ಬೇರೆ ಬೇರೆ ದೇಶಗಳಲ್ಲಿದ್ದ ತನ್ನಂಥ ವೈದ್ಯರಿಂದ ಮಾಹಿತಿ ತರಿಸಿಕೊಂಡು, ಬಿಸಿಲಿರುವ ದೇಶಗಳಲ್ಲಿ ಬಡತನ ಎಷ್ಟಿದ್ದರೂ ಈ ರೋಗ ಅಪರೂಪ ಎಂದು ಬರೆದ. ಅವನ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಈ ವಾದಕ್ಕೆ ದೊಡ್ಡ ಸಾಕ್ಷಿಯೊಂದು ಸಿಕ್ಕಿದ್ದು ಮುಂಬಯಿ ಪ್ರಾಂತದಲ್ಲಿ. ಆಗ ನಮ್ಮ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿಗಳೂ ಅದೇ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿತ್ತು. 1920ರ ದಶಕದ ಆರಂಭದಲ್ಲಿ ಹಚಿಸನ್ ಮತ್ತು ಶಾ ಎಂಬ ವೈದ್ಯರು ನಾಸಿಕದ ಕಡೆ ರಿಕೆಟ್ಸ್ ಯಾರಿಗೆ ಬರುತ್ತದೆಂದು ಅಧ್ಯಯನ ಮಾಡಿದರು. ಕಂಡದ್ದು ಎಲ್ಲರ ಎಣಿಕೆಗೆ ತಿರುಗುಮುರುಗಾಗಿತ್ತು. ಹೊಟ್ಟೆ ತುಂಬ ಉಣ್ಣುವ ಶ್ರೀಮಂತ ಮನೆಗಳ ಮಕ್ಕಳಲ್ಲಿ, ಪರದೆಯೊಳಗೆ ಇರುವ ಹೆಂಗಸರಲ್ಲಿ ಎಲುಬು ಮೆತ್ತಗಾಗಿತ್ತು. ಅರೆಹೊಟ್ಟೆ ಉಂಡು ಹೊಲದಲ್ಲಿ ದುಡಿಯುವವರ ಮಕ್ಕಳ ಎಲುಬು ಗಟ್ಟಿಯಿತ್ತು. ಎರಡು ಮನೆಗಳ ನಡುವಿನ ಮುಖ್ಯ ವ್ಯತ್ಯಾಸ ಬಿಸಿಲು.

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ 'ರಾಮಧಾನ್ಯಚರಿತೆ' ಓದಿದವರಿಗೆ ಇದು ಪರಿಚಿತ ಕಥೆಯಂತೆ ಅನ್ನಿಸೀತು. ಅಲ್ಲಿ ದೊಡ್ಡವರ ಧಾನ್ಯವಾದ ನೆಲ್ಲಿಗೂ ಬಡವರ ಧಾನ್ಯವಾದ ರಾಗಿಗೂ ಜಗಳವಾಗಿ, ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಗೆದ್ದು ಬರುವುದು ರಾಗಿ. ನಾಸಿಕದಲ್ಲಿ ಗೆದ್ದದ್ದು ಬಡವನ ಬಿಸಿಲು.

ಅದೇ ಹೊತ್ತಿಗೆ ಪ್ರಯೋಗಾಲಯಗಳೂ ಅಲ್ಲಿಗೇ ಬಂದವು. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ಕಿರಣದ ದೀಪದಿಂದ ರಿಕೆಟ್ಸ್ ಮಕ್ಕಳನ್ನು ಗುಣಪಡಿಸಿದ. ಅದೇ ವರ್ಷ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ರಿಕೆಟ್ಸ್ ಬರಿಸಿ ಕಾಡ್ ಮೀನಿನ ಎಣ್ಣೆಯಿಂದ ತಡೆದು ತೋರಿಸಿದ. 1922ರಲ್ಲಿ ಅಮೆರಿಕದ ಎಲ್ಮರ್ ಮ್ಯಾಕಲಮ್ ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರಲ್ಲಿದ್ದ ವಿಟಮಿನ್ ಎ ಯನ್ನು ನಾಶ ಮಾಡಿದ ಮೇಲೂ ಅದು ರಿಕೆಟ್ಸನ್ನು ಗುಣಪಡಿಸುತ್ತದೆಂದು ಕಂಡ. ಹಾಗಾದರೆ ಒಳಗೆ ಇನ್ನೊಂದು ವಸ್ತು ಇರಬೇಕು. ಎ, ಬಿ, ಸಿ ಆಗಲೇ ಮುಗಿದಿದ್ದರಿಂದ ಅದಕ್ಕೆ ಡಿ ಎಂಬ ಹೆಸರಾಯಿತು. ಕಾಡ್ ಲಿವರ್ ಆಯಿಲ್ ಎಂಬ ಆ ಹಳೆಯ ಮೀನೆಣ್ಣೆ ಬರುತ್ತಿದ್ದದ್ದು ಮೀನಿನ ಯಕೃತ್ತಿನಿಂದ. ಬಿಸಿಲಿನ ವಿಟಮಿನ್ ಮನುಷ್ಯನಿಗೆ ಮೊದಲು ಸಿಕ್ಕಿದ್ದು ಲಿವರಿನೊಳಗೆ, ಅದರ ಅರ್ಥ ತಿಳಿಯಲು ಮಾತ್ರ ಇನ್ನೂ ನಾಲ್ಕೈದು ದಶಕ ಬೇಕಾಯಿತು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೆಕ್ಟರ್ ಡೆಲೂಕ ಮತ್ತು ಸಂಗಡಿಗರು 1968ರಲ್ಲಿ ಒಂದು ವಿಷಯ ಹೊರಗೆಡಹಿದರು. ಚರ್ಮದಲ್ಲಿ ಹುಟ್ಟುವ ವಿಟಮಿನ್ ಡಿ ಇದ್ದ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ, ದೇಹದಲ್ಲಿ ಅದು ಬೇರೊಂದು ರೂಪ ತಾಳುತ್ತದೆ. ಆ ರೂಪಾಂತರ ಎಲ್ಲಿ ನಡೆಯುತ್ತದೆಂದು ಹುಡುಕುತ್ತ ಮರುವರ್ಷ ಅವರು ಯಕೃತ್ತು ತೆಗೆದ ಇಲಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಆ ರೂಪ ಸರಿಯಾಗಿ ಹುಟ್ಟಲೇ ಇಲ್ಲ. 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೊಡಿಚೆಕ್ ಕೊನೆಯ ಹಂತ ಮೂತ್ರಪಿಂಡದಲ್ಲಿ ನಡೆಯುತ್ತದೆಂದು ತೋರಿಸಿದರು. ದಾರಿ ಸ್ಪಷ್ಟವಾಯಿತು: ಬಿಸಿಲು ಚರ್ಮದಲ್ಲಿ ಕಚ್ಚಾ ಮಾಲು ಮಾಡುತ್ತದೆ, ಯಕೃತ್ತು ಅದನ್ನು ಅರ್ಧ ಪಕ್ವ ಮಾಡುತ್ತದೆ, ಮೂತ್ರಪಿಂಡ ಪೂರ್ತಿ ಮಾಡುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ತಿರುಗುವ ಪ್ರೋಟೀನು ತಯಾರಾಗುವುದೂ ಯಕೃತ್ತಿನಲ್ಲೇ. ಇಂದು ಲ್ಯಾಬಿನಲ್ಲಿ 'ವಿಟಮಿನ್ ಡಿ' ಎಂದು ಅಳೆಯುವುದು ಯಕೃತ್ತು ಮಾಡಿಕೊಟ್ಟ ಈ ಅರ್ಧ ಪಕ್ವ ರೂಪವನ್ನು.

ಈ ಕೊನೆಯ ವಾಕ್ಯದಲ್ಲೇ ನಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರವಿದೆ. ಗಾಣವೇ ಕೆಟ್ಟಿದ್ದರೆ ಎಣ್ಣೆ ಕಡಿಮೆ ಬರುತ್ತದೆ. ಎಣ್ಣೆ ಕಡಿಮೆ ಬಂದದ್ದರಿಂದ ಗಾಣ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ.

ಯಕೃತ್ತನ್ನು ಕೆಡಿಸುವ ವೈರಸ್ಸುಗಳ ಕಥೆಯೂ ಅದೇ ವರ್ಷಗಳಲ್ಲಿ ಬಿಚ್ಚಿಕೊಳ್ಳುತ್ತಿತ್ತು. 1965ರಲ್ಲಿ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ವಿಚಿತ್ರ ಪ್ರೋಟೀನಿನ ಬಗ್ಗೆ ಬರೆದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ಮುಂದೆ ಗೊತ್ತಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪತ್ತೆಯಾಯಿತು. ಆ ಕೆಲಸಕ್ಕೆ ಸಂಬಂಧಿಸಿದ ಮೂವರಿಗೆ 2020ರಲ್ಲಿ ನೊಬೆಲ್ ಸಂದಿತು.

ಈ ಪತ್ತೆಗಳು ಹಳೆಯ ತರ್ಕವನ್ನು ಬುಡಮೇಲು ಮಾಡಿದವು. ಕಾಮಣಿ ಒಂದೇ ರೋಗವಲ್ಲ, ಹಲವು ರೋಗಗಳ ಒಂದು ಲಕ್ಷಣ. ಕೊಳಚೆ ಸೇರಿದ ನೀರಿನಿಂದ ಬರುವ ಎ ಮತ್ತು ಇ ವೈರಸ್ಸುಗಳು ಕಣ್ಣು ಹಳದಿ ಮಾಡಿ ಬಹುತೇಕ ಜನರಲ್ಲಿ ತಾವಾಗಿಯೇ ಇಳಿದು ಹೋಗುತ್ತವೆ. ಗರ್ಭಿಣಿಯರಿಗೆ ಇ ವೈರಸ್ಸು ಪ್ರಾಣಾಪಾಯ ತರಬಲ್ಲದು ಎಂಬುದನ್ನು ಮಾತ್ರ ಮರೆಯಬಾರದು. ಬಿ ಮತ್ತು ಸಿ ಹಾಗಲ್ಲ. ಅವು ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದರಿಂದ ಹಬ್ಬುತ್ತವೆ. ಬಿ ವೈರಸ್ಸು ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೂ, ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ. ದೊಡ್ಡವರಿಗೆ ತಗಲಿದ ಬಿ ವೈರಸ್ಸು ನೂರರಲ್ಲಿ ತೊಂಬತ್ತೈದು ಜನರಲ್ಲಿ ತಾನೇ ಹೋಗುತ್ತದೆ. ಹುಟ್ಟುವಾಗಲೇ ತಗಲಿದ ಕೂಸುಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತರಲ್ಲಿ ಅದು ಉಳಿದುಕೊಂಡುಬಿಡುತ್ತದೆ. ಉಳಿದುಕೊಂಡ ವೈರಸ್ಸು ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತದೆ. ಆ ವರ್ಷಗಳಲ್ಲಿ ಕಣ್ಣು ಹಳದಿ ಆಗುವುದಿಲ್ಲ. ಕೊನೆಗೆ ಹಳದಿ ಕಾಣಿಸಿದಾಗ ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆಗಿರುತ್ತದೆ, ಕೆಲವರಲ್ಲಿ ಕ್ಯಾನ್ಸರ್ ಆಗಿರುತ್ತದೆ.

ಚುಟಿಗಿಗೂ ನೆಲನೆಲ್ಲಿಗೂ ಹೆಸರು ಬಂದದ್ದು ತಾವಾಗಿಯೇ ಇಳಿಯುವ ಕಾಮಣಿಯಿಂದ. ನೆಲನೆಲ್ಲಿಯನ್ನು ಮಾತ್ರ ವಿಜ್ಞಾನ ಗಂಭೀರವಾಗಿಯೇ ಪರೀಕ್ಷಿಸಿತು. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗ್ ಅವರ ಜೊತೆಗೂಡಿ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸು ಹೊತ್ತವರಿಗೆ ನೆಲನೆಲ್ಲಿ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ಪುಡಿ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತು ಬೆರಗಾಯಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್ ಮೊದಲಾದ ಕಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಗಿಡದ ಮೇಲಿನ ಕುತೂಹಲ ಉಳಿಯಿತು, ಆದರೆ ಚಿಕಿತ್ಸೆಯ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಹೆಚ್ಚುಕಡಿಮೆ ಇದೇ ಕಥೆ ವಿಟಮಿನ್ ಡಿ ಹೆಸರಿನಲ್ಲಿ ಮರುಕಳಿಸಿತು. 2006ರಲ್ಲಿ ಕ್ಷಯದ ರೋಗಾಣುವಿನ ಮೇಲೆ ನಡೆದ ಅಧ್ಯಯನವೊಂದು, ನಮ್ಮ ರಕ್ಷಣಾ ಕೋಶಗಳು ವಿಟಮಿನ್ ಡಿ ನೆರವಿನಿಂದ ರೋಗಾಣು ಕೊಲ್ಲುವ ವಸ್ತು ತಯಾರಿಸುತ್ತವೆಂದು ತೋರಿಸಿತ್ತು. ಎಲುಬಿನ ವಿಟಮಿನ್ ಈಗ ರಕ್ಷಣೆಯ ವಿಟಮಿನ್ನೂ ಆಯಿತು. 2010ರಲ್ಲಿ ಇಟಲಿಯ ಪಾಲೆರ್ಮೊದ ವೈದ್ಯರು ಹೆಪಟೈಟಿಸ್ ಸಿ ರೋಗಿಗಳನ್ನು ಪರೀಕ್ಷಿಸಿ, ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಯಕೃತ್ತಿನ ಗಾಯ ಹೆಚ್ಚಿರುವುದನ್ನೂ ಇಂಟರ್‌ಫೆರಾನ್ ಚಿಕಿತ್ಸೆ ಅವರಿಗೆ ಅಷ್ಟಾಗಿ ಹತ್ತದಿರುವುದನ್ನೂ ಕಂಡರು. ಮರುವರ್ಷ ಇಸ್ರೇಲಿನಿಂದ 72 ರೋಗಿಗಳ ಸಣ್ಣ ಅಧ್ಯಯನ ಬಂತು. ಚಿಕಿತ್ಸೆಯ ಜೊತೆ ವಿಟಮಿನ್ ಡಿ ಪಡೆದವರಲ್ಲಿ 86 ಪ್ರತಿಶತ ಗುಣವಾದರು, ಪಡೆಯದವರಲ್ಲಿ 42 ಪ್ರತಿಶತ. 2013ರಲ್ಲಿ ಜರ್ಮನಿಯಿಂದ ಇನ್ನೊಂದು ಸುದ್ದಿ: ಹೆಪಟೈಟಿಸ್ ಬಿ ರೋಗಿಗಳಲ್ಲಿ ವಿಟಮಿನ್ ಕಡಿಮೆಯಾದಷ್ಟೂ ವೈರಸ್ಸು ಹೆಚ್ಚು, ಋತು ಬದಲಾದಂತೆ ಎರಡೂ ಎದುರುಬದುರಾಗಿ ಏರಿಳಿಯುತ್ತವೆ.

ಋಗ್ವೇದದ ಋಷಿಯ ಪ್ರಾರ್ಥನೆ ಕೊನೆಗೂ ಫಲಿಸಿತೇ ಎಂದು ಯಾರಿಗಾದರೂ ಅನ್ನಿಸಬೇಕು. ಇಂಟರ್‌ಫೆರಾನ್ ಚುಚ್ಚುಮದ್ದು ಎಂದರೆ ತಿಂಗಳುಗಟ್ಟಲೆ ಜ್ವರ, ಮೈಕೈ ನೋವು, ಮನಸ್ಸಿನ ಕುಗ್ಗು. ಅಷ್ಟು ಅನುಭವಿಸಿದರೂ ಅರ್ಧದಷ್ಟು ಜನರಿಗೆ ಗುಣವಿಲ್ಲ. ಅಂಥ ಹೊತ್ತಿನಲ್ಲಿ ಅಗ್ಗದ ವಿಟಮಿನ್ ಒಂದು ದೊಡ್ಡ ಆಸೆ. ಆದರೆ ಮುಂದಿನ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡಲಿಲ್ಲ. ಆಸ್ಟ್ರೇಲಿಯ ಕಡೆಯ ಅಧ್ಯಯನದಲ್ಲಿ ವಿಟಮಿನ್ ಮಟ್ಟಕ್ಕೂ ಗುಣವಾಗುವುದಕ್ಕೂ ಸಂಬಂಧವೇ ಕಾಣಲಿಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2017ರಲ್ಲೂ ಮತ್ತೆ 2021ರಲ್ಲೂ ಒಂದೇ ಮಾತು ಹೇಳಿತು: ದೀರ್ಘಕಾಲದ ಯಕೃತ್ತಿನ ರೋಗಕ್ಕೆ ವಿಟಮಿನ್ ಡಿ ಕೊಟ್ಟರೆ ಲಾಭವಿದೆ ಎನ್ನಲು ಸಾಕಷ್ಟು ಸಾಕ್ಷಿ ಇಲ್ಲ.

ಹಾಗಾದರೆ ಆ ವೈದ್ಯರು ಕಂಡದ್ದು ಸುಳ್ಳೇ? ಸುಳ್ಳಲ್ಲ. ಯಕೃತ್ತು ಕೆಟ್ಟವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ನಿಜ. ಯಕೃತ್ತು ಅದನ್ನು ಮಾಡಲಾರದು, ಪಿತ್ತರಸ ಸರಿಯಾಗಿ ಹರಿಯದೆ ಕರುಳು ಅದನ್ನು ಹೀರಲಾರದು, ರೋಗಿ ಹಾಸಿಗೆ ಬಿಟ್ಟು ಬಿಸಿಲಿಗೆ ಬರಲಾರ. ಕೊರತೆ ರೋಗದ ನೆರಳು. ನೆರಳನ್ನು ಒರಸಿದರೆ ವಸ್ತು ಹೋಗುವುದಿಲ್ಲ.

ಬಿಸಿಲು ನಿಜವಾಗಿಯೂ ಕಳೆಯುವ ಒಂದು ಕಾಮಣಿಯಿದೆ, ಗೊಂದಲ ಹೆಚ್ಚಲು ಅದೂ ಕಾರಣವಿರಬಹುದು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಎಂಬ ದಾದಿ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಹಳದಿಯಾಗಿದ್ದ ಒಂದು ಕೂಸಿನ ಮೈ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗಿಯೇ ಉಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಇಂದು ಆಸ್ಪತ್ರೆಗಳಲ್ಲಿ ಕೂಸುಗಳನ್ನು ನೀಲಿ ದೀಪದಡಿ ಮಲಗಿಸುವ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಆದರೆ ಅಲ್ಲಿ ಕೆಲಸ ಮಾಡುವುದು ಬೆಳಕು, ವಿಟಮಿನ್ ಅಲ್ಲ. ಬೆಳಕು ಚರ್ಮದಲ್ಲಿರುವ ಹಳದಿ ವಸ್ತುವನ್ನು ಮೈಯಿಂದ ಹೊರಹೋಗುವಂತೆ ಬದಲಿಸುತ್ತದೆ. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ವೈರಸ್ಸನ್ನು ಸೋಲಿಸಿದ್ದು ಬೇರೆಯದೇ ಅಸ್ತ್ರ. 2013ರ ಡಿಸೆಂಬರಿನಲ್ಲಿ ಅಮೆರಿಕ ಸೊಫೊಸ್ಬುವಿರ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ 12 ವಾರಗಳ ಮಾತ್ರೆಗೆ 84,000 ಡಾಲರ್. ಮರುವರ್ಷ ಭಾರತದ ಕಂಪನಿಗಳಿಗೆ ತಯಾರಿಸುವ ಪರವಾನಗಿ ಸಿಕ್ಕಿ ಇಲ್ಲಿ ಬೆಲೆ ಅದರ ಸಣ್ಣ ಭಾಗಕ್ಕೆ ಇಳಿಯಿತು. ಇಂಥ ಮಾತ್ರೆಗಳನ್ನು ಮೂರು ತಿಂಗಳು ನುಂಗಿದರೆ ಹೆಪಟೈಟಿಸ್ ಸಿ ನೂರರಲ್ಲಿ ತೊಂಬತ್ತೈದು ಜನರಲ್ಲಿ ಬೇರುಸಹಿತ ಹೋಗುತ್ತದೆ. ವಿಟಮಿನ್ ಡಿ ಬೇಕೋ ಬೇಡವೋ ಎಂಬ ಚರ್ಚೆಯೇ ಅಲ್ಲಿ ಮುಗಿದುಹೋಯಿತು. ಹೆಪಟೈಟಿಸ್ ಬಿ ಗೆ ಬೇರು ಕೀಳುವ ಔಷಧ ಇನ್ನೂ ಇಲ್ಲ, ಟೆನೊಫೊವಿರ್‌ನಂಥ ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಆದರೆ ಅದಕ್ಕೆ ಲಸಿಕೆಯಿದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು 2002ರ ಸುಮಾರಿಗೆ ಪ್ರಾಯೋಗಿಕವಾಗಿ ಶುರುವಾಗಿ, 2011ರ ಹೊತ್ತಿಗೆ ದೇಶವನ್ನೆಲ್ಲ ತಲುಪಿತು. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಕೊಡುವ ಮೊದಲ ಚುಚ್ಚುಮದ್ದು ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ತಾಯಿಯಿಂದ ಕೂಸಿಗೆ ದಾಟುವ ದಾರಿಯನ್ನು ಮುಚ್ಚುವುದು ಅದೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್ ಬಿ ಹೊತ್ತಿದ್ದರು, 55 ಲಕ್ಷ ಜನ ಸಿ ಹೊತ್ತಿದ್ದರು. ಇವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ. 2018ರ ಜುಲೈ 28ರಂದು, ಅಂದರೆ ಬ್ಲಂಬರ್ಗ್ ಹುಟ್ಟಿದ ದಿನದಂದು, ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹಿಂದೆ ನಮ್ಮ ನಾಲ್ಕು ತಾಲೂಕುಗಳ ಜನ ದೊಡ್ಡ ಬೇನೆ ಬಂದರೆ ಹುಬ್ಬಳ್ಳಿಯ ಬಸ್ಸು ಹತ್ತಬೇಕಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಜಿಲ್ಲಾ ಆಸ್ಪತ್ರೆ ಹತ್ತಿರವಾಯಿತು. ದಾರಿ ಹತ್ತಿರವಾದ ಮೇಲೆ ಉಳಿದ ದೂರ ನಮ್ಮ ತಿಳಿವಳಿಕೆಯದು. ಹಳದಿ ಕಂಡರೆ ಮಾತ್ರ ರೋಗ ಎಂಬ ಸಾವಿರಾರು ವರ್ಷಗಳ ನಂಬಿಕೆ ಅಷ್ಟು ಬೇಗ ಬಿಡುವುದಿಲ್ಲ.

ಹಾಗಂತ ವಿಟಮಿನ್ ಡಿ ಕೆಲಸಕ್ಕೆ ಬಾರದ್ದು ಎಂದಲ್ಲ. ಯಕೃತ್ತಿನ ರೋಗ ಹಳೆಯದಾದಂತೆ ಎಲುಬು ಸವೆಯುತ್ತದೆ, ಕೊರತೆ ಇದ್ದವರಿಗೆ ವೈದ್ಯರು ಅಳೆದು ಕೊಡುವುದು ಎಲುಬಿನ ಸಲುವಾಗಿ. ಅಳತೆ ತಪ್ಪಿ ತಿಂಗಳುಗಟ್ಟಲೆ ಪೊಟ್ಟಣ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಕುತ್ತು. ಬಿಸಿಲಿನ ಲೆಕ್ಕವೂ ನಾವು ಅಂದುಕೊಂಡಂತೆ ಇಲ್ಲ. ಎಳೆ ಬಿಸಿಲು ಹಿತ, ಆದರೆ ಅದರಲ್ಲಿ ವಿಟಮಿನ್ ಹುಟ್ಟಿಸುವ ಕಿರಣ ತೀರ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಆ ಕಿರಣ ನೆಲ ಮುಟ್ಟುತ್ತದೆ. ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯೊಳಗೆ, ಕಚೇರಿಯೊಳಗೆ, ಫೋನಿನೊಳಗೆ ದಿನ ಕಳೆಯುವ ನಮಗೆ ಹೇಳಬೇಕಾಗಿದೆ.

ಇನ್ನು ಮುಂದೆ ಓಣಿಯಲ್ಲಿ ಯಾರದಾದರೂ ಕಣ್ಣು ಹಳದಿ ಕಂಡರೆ 'ತಡಾ ಮಾಡಬ್ಯಾಡ್ರಿ' ಎಂಬ ಮಾತು ಹಾಗೇ ಇರಲಿ, ಅದು ಒಳ್ಳೆಯ ಮಾತು. ಹೋಗುವ ದಾರಿ ಮಾತ್ರ ರಕ್ತ ಪರೀಕ್ಷೆಯ ಕಡೆಗಿರಲಿ. ಕಣ್ಣು ಬೆಳ್ಳಗಿದ್ದವರೂ ಒಮ್ಮೆ ಆ ದಾರಿಯಲ್ಲಿ ಹೋಗಿ ಬರುವುದು ಒಳ್ಳೆಯದು.